ಹುಳುಮನೆಯ ಪಹರೆ

ನಾನು ಚಿಕ್ಕವಳಿದ್ದಾಗ ಸೈನ್ಯದ ಸುಬೇದಾರರೊಬ್ಬರನ್ನು ನಮ್ಮ ಮನೆ ಹೊಸಿಲಲ್ಲೇ ತಡೆದು ನಿಲ್ಲಿಸಿದ್ದೆ. ನಗಬೇಡಿ ಮಕ್ಕಳೇ, ನಿಜ. ಈಗ ಜಿರಳೆ ಕಂಡರೆ ಮಂಚ ಹತ್ತುವ ನಿಮ್ಮ ಇದೇ ಅಜ್ಜಿ!

ಆಗ ಕನಕಪುರದ ಸುತ್ತಮುತ್ತ ಯಾರ ಮನೆಗೆ ಹೋದರೂ ರೇಷ್ಮೆ ಹುಳು. ಕಬ್ಬಾಳು ಬೆಟ್ಟದ ಕೆಳಗಿದ್ದ ನಮ್ಮ ಮನೆಯಲ್ಲಂತೂ ನಡುಮನೆಯೇ ಹುಳುಗಳ ಪಾಲು. ನಾವು ಜಗುಲಿಯಲ್ಲಿ ಮಲಗುತ್ತಿದ್ದೆವು. ಹುಳು ಬಲು ನಾಜೂಕು. ಬೀಡಿ ಹೊಗೆ ಆಗದು, ಒಗ್ಗರಣೆ ಘಾಟು ಆಗದು, ಹೊರಗಿನವರ ಕಾಲಿನ ಧೂಳೂ ಆಗದು. ಅದಕ್ಕೇ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿ, ನೀರಿನ ಹಂಡೆ ಇಟ್ಟು, ಅಪ್ಪ ನನ್ನನ್ನು ಕಾವಲು ನಿಲ್ಲಿಸುತ್ತಿದ್ದ. "ಯಾರೇ ಬರ್ಲಿ, ಕೈಕಾಲು ತೊಳೀದೆ ಒಳಕ್ಕೆ ಬುಡಬ್ಯಾಡ ಕಣವ್ವ" ಅನ್ನುತ್ತಿದ್ದ.

ಅಪ್ಪ ಸೈನ್ಯದಲ್ಲಿ ಇದ್ದು ಬಂದವನು. ಬಂದ ಮೇಲೂ ಅವನ ಹೆಸರು ರಿಸರ್ವ್ ಪಟ್ಟಿಯಲ್ಲಿತ್ತು. ಅಂದರೆ ಊರಲ್ಲಿ ಬೇಸಾಯ ಮಾಡಿಕೊಂಡಿರಬಹುದು, ಆದರೆ ಯುದ್ಧ ಬಂದು ಕರೆದರೆ ಹೊರಡಲೇಬೇಕು. ಆ ವಾರವೆಲ್ಲ ರೇಡಿಯೊದಲ್ಲಿ ಯುದ್ಧದ್ದೇ ಸುದ್ದಿ. ಅಂಚೆಯವನು ನಮ್ಮ ಬೀದಿ ದಾಟಿಹೋಗುವವರೆಗೂ ಅವ್ವ ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು.

ಆ ದಿನ ಹುಳು ಹಣ್ಣಾಗಿದ್ದವು. ಮೈ ಹಳದಿಯಾಗಿ, ಸೊಪ್ಪು ತಿನ್ನುವುದು ಬಿಟ್ಟು, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಡಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪು ಹಾಕುವ ತಟ್ಟೆಯಲ್ಲೇ ನೂಲು ಚೆಲ್ಲಿ ಬೆಳೆಯೆಲ್ಲ ಹಾಳು. ಅಪ್ಪ, ಅವ್ವ, ಅಕ್ಕ ಮೂವರೂ ಬೆಳಗಿನಿಂದ ಒಳಗೆ ಬಗ್ಗಿಸಿದ ಸೊಂಟ ಎತ್ತಿರಲಿಲ್ಲ.

ಮಧ್ಯಾಹ್ನ ಬಾಗಿಲ ಮುಂದೆ ಜೀಪು ನಿಂತಿತು. ಹಸಿರು ಸಮವಸ್ತ್ರ, ದಪ್ಪ ಮೀಸೆ, ಬೆರಳ ಸಂದಿಯಲ್ಲಿ ಬೀಡಿ. ಒಬ್ಬ ಹಿರಿಯರು ಇಳಿದು ಬಂದರು.

"ನಿಮ್ಮಪ್ಪ ಅವ್ನೇನವ್ವ?"

"ಇಲ್ಲ. ಕನಕಪುರಕ್ಕೋಗವ್ನೆ."

ಒಳಗೆ ಬಿಟ್ಟರೆ ತಾನೇ ಅಪ್ಪನನ್ನು ಕರೆದೊಯ್ಯುವುದು? ನಾನು ಬಿಡುವುದೇ ಇಲ್ಲ ಅಂದುಕೊಂಡೆ. ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿದೆ. "ಹುಳ ಹಣ್ಣಾಗವೆ. ಹೊರಗಿನೋರು ಬರಂಗಿಲ್ಲ. ಬೀಡಿ ಎಸೀರಿ!" ಎಂದು ಕಿರುಚಿದೆ.

ಅಷ್ಟರಲ್ಲಿ ಒಳಗಿಂದ ಅಪ್ಪನ ದನಿ. "ಯಾರವ್ವಾ ಅದು?"

ನನ್ನ ಸುಳ್ಳು ಅಲ್ಲೇ ಮುಗಿಯಿತು. ಅಪ್ಪ ಬರಿಮೈಯಲ್ಲಿ ಹೊರಬಂದವನು ಅವರನ್ನು ಕಂಡದ್ದೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅವನ ಮುಂಗೈ ಮೇಲೆ ಒಂದು ಹುಳು ಹರಿದಾಡುತ್ತಿತ್ತು. ನನ್ನ ಕಡೆ ತಿರುಗಿ ಗದರಲು ಬಾಯಿ ತೆರೆದ.

"ಬೈಬ್ಯಾಡ ಕಣಯ್ಯ" ಎಂದರು ಸುಬೇದಾರರು, ಬೀಡಿ ಹೊಸಕುತ್ತಾ. "ಪಹರೇಲಿ ನಿಂತೋರ ಮಾತ್ನ ಜನರಲ್ ಸಾಹೇಬ್ರೂ ಕೇಳ್ಬೇಕು."

ಆಮೇಲೆ ಜೇಬಿನಿಂದ ಕಾಗದ ತೆಗೆದುಕೊಟ್ಟರು. ಜೀಪು ಪಕ್ಕದ ಹಳ್ಳಿಗಳನ್ನು ಸುತ್ತಿ ನಾಲ್ಕು ಗಂಟೆಗೆ ಬರುತ್ತದೆ, ಅಪ್ಪ ಅದರಲ್ಲೇ ಹೊರಡಬೇಕು. ಅಪ್ಪ ಕಾಗದ ನೋಡಲಿಲ್ಲ. ಒಳಗೆ ಇನ್ನೂ ಅರ್ಧದಷ್ಟು ತಟ್ಟೆಗಳು ಬಾಕಿ ಇದ್ದವು, ಅವನ್ನೇ ನೋಡಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಸುಬೇದಾರರೂ ಹೊಸಿಲಾಚೆಯಿಂದ ಇಣುಕಿದರು. ಅವರು ಮಾಗಡಿ ಕಡೆಯ ಗುಡೇಮಾರನಹಳ್ಳಿಯವರು, ಅವರೂ ರಿಸರ್ವ್‌ನಿಂದ ಕರೆಸಿಕೊಂಡವರೇ. "ನಮ್ಮನೇಲೂ ಇವತ್ತೇ ಹಣ್ಣಾಗಾದು. ಬುಟ್ಟು ಬಂದಿವ್ನಿ" ಎಂದರು. ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು. ಹಂಡೆಯ ನೀರಲ್ಲಿ ಬಾಯಿ ಮುಕ್ಕಳಿಸಿ, ಕೈಕಾಲು ತಿಕ್ಕಿ ತೊಳೆದು, ನನ್ನ ಮುಂದೆ ಬಂದು ನಿಂತರು.

"ಈಗ ಬುಡ್ತೀಯೇನವ್ವ?"

ಬಿಟ್ಟರೆ ಕೆಲಸ ಮುಗಿಯುತ್ತದೆ, ಅಪ್ಪ ಹೊರಡುತ್ತಾನೆ. ಬಿಡದಿದ್ದರೆ ಹುಳು ಹಾಳಾಗುತ್ತವೆ, ಅಪ್ಪ ಆಗಲೂ ಹೊರಡುತ್ತಾನೆ. ಒಂಬತ್ತು ವರ್ಷದವಳಿಗೂ ಅದು ಅರ್ಥವಾಯಿತು. ಕೈ ಇಳಿಸಿ ಪಕ್ಕಕ್ಕೆ ಸರಿದೆ.

ನಾಲ್ಕು ಗಂಟೆವರೆಗೆ ಸುಬೇದಾರರೂ ಅಪ್ಪನ ಪಕ್ಕ ಬಗ್ಗಿ ಕೂತರು. ಆ ದಪ್ಪ ಬೆರಳುಗಳು ಒಂದು ಹುಳುವಿಗೂ ನೋವಾಗದಂತೆ ಆರಿಸುತ್ತಿದ್ದವು. ಕೊನೆಯ ತಟ್ಟೆ ಖಾಲಿಯಾಗುವುದಕ್ಕೂ ಜೀಪಿನ ಹಾರನ್ ಕೇಳುವುದಕ್ಕೂ ಸರಿಹೋಯಿತು. ಅಕ್ಕ ರೊಟ್ಟಿ ಕಟ್ಟಿಕೊಟ್ಟಳು. ಅಪ್ಪ ನನ್ನ ತಲೆ ಮುಟ್ಟಿ ಹೊರಟುಹೋದ. ಬಾಗಿಲು ಬಿಟ್ಟುಕೊಟ್ಟೆನಲ್ಲಾ ಎಂದು ನನ್ನ ಮೇಲೆ ನನಗೇ ಸಿಟ್ಟು. ಎಷ್ಟೋ ದಿನ ಅತ್ತೆ.

ನಿಮ್ಮಪ್ಪ ಆಫೀಸಿನಿಂದ ಅರ್ಧ ಗಂಟೆ ತಡವಾದರೆ ನೀವು ಫೋನಿನಲ್ಲಿ ಮುಖ ನೋಡಿ ಮಾತಾಡುತ್ತೀರಿ. ನಾವು ಎಂಟು ತಿಂಗಳು ಅಪ್ಪ ಬರೆದ ಮೂರು ಕಾಗದ ಹಿಡಿದುಕೊಂಡು ಬದುಕಿದೆವು. ಅಪ್ಪ ಬಂದ. ಸುಬೇದಾರರು ಯುದ್ಧದಿಂದ ಬರಲಿಲ್ಲ, ಅಪ್ಪನೇ ಹೇಳಿದ. ಗುಡೇಮಾರನಹಳ್ಳಿ ನಮ್ಮೂರಿಗೆ ಅಂಥ ದೂರವೇನಲ್ಲ. ಆದರೂ ಅವರ ಮನೆಯ ಹುಳುಗಳನ್ನು ಆ ದಿನ ಯಾರು ಆರಿಸಿದರೋ, ನಾವು ಯಾರೂ ಹೋಗಿ ಕೇಳಲಿಲ್ಲ.