ಕಾಕಾ ಹೇಳಿದ ಸರ್ಜ್ ಪ್ರೊಟೆಕ್ಟರ್

ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಕರೆಂಟ್ ಹೊಡೆದು ಸುಟ್ಟ ಜಾಗದಲ್ಲಿ ಚರ್ಮ ಮೇಣದಂತೆ ನುಣುಪಾಗಿತ್ತು. ಅಂದಿನಿಂದ ಅವರು ಯಾವ ವೈರನ್ನೂ ನಂಬಿದವರಲ್ಲ. ನಮ್ಮ ಮನೆಯ ಟೋಸ್ಟರನ್ನೂ ಮೊದಲು ಅಂಗೈಯ ಹಿಂಬದಿ ತಾಗಿಸಿ ನೋಡಿಯೇ ಹಿಡಿಯುತ್ತಿದ್ದರು. ಮದುವೆಯ ದಿನವೂ ಮಂಟಪದ ವೈರಿಂಗ್ ಪರೀಕ್ಷೆ ಮಾಡಿ ಬಂದೇ ತಾಳಿ ಕಟ್ಟಿದರು ಎಂದು ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅಣಕಿಸುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಅಮೆರಿಕದ ಎವರೆಟ್ ಊರಿನಲ್ಲಿ ಪಕ್ಕದ ಮನೆಯವರು, ಗದಗದ ಕಡೆಯವರು. ವಿಮಾನದ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಬೆಂಗಳೂರಿನವನು, ಓವರ್‌ಲೇಕ್‌ನ ಆಫೀಸಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ ಒಂಟಿ ಮನುಷ್ಯ. ಅವರ ಮನೆಯ ರೊಟ್ಟಿ ತಿಂದೇ ಬದುಕಿದೆ ಎಂದರೂ ಸುಳ್ಳಲ್ಲ.

2015ರ ಬೇಸಿಗೆಯ ಹೊತ್ತಿಗೆ ಕಾಕುವಿನ ಶ್ವಾಸಕೋಶ ಪೂರಾ ಸೋತಿತ್ತು. ಮಲಗುವಾಗ ಆಮ್ಲಜನಕದ ಯಂತ್ರ ಬೇಕೇ ಬೇಕು. ಎವರೆಟ್‌ನ ಕೊಲ್ಲಿಯಲ್ಲಿ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ; ಅವರಿಗೆ ತೆರೆ ಏಳುವ ಸಮುದ್ರದ ದಂಡೆಯಲ್ಲಿ ಎರಡು ದಿನ ಇರಬೇಕೆಂಬ ಆಸೆ. ಕಾಕಾ ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಲು ಜಾಗವಿರುವ ಒಂದು ಹಳೆಯ ಟ್ರೇಲರ್ ಕೊಂಡರು. ದಂಡೆಯ ಕ್ಯಾಂಪಿನಲ್ಲಿ ನಿಲ್ಲಿಸಿದಾಗ ಅಲ್ಲಿನ ಕಂಬದಿಂದ ಅದಕ್ಕೆ ಕರೆಂಟ್ ತೆಗೆದುಕೊಳ್ಳಬೇಕು. ಕಂಬದ ವೈರಿಂಗ್ ಕೆಟ್ಟಿದ್ದರೆ ಆಮ್ಲಜನಕದ ಯಂತ್ರವೇ ಸುಟ್ಟೀತು. ಅದಕ್ಕೇ ವೋಲ್ಟೇಜ್ ಏರಿದರೂ ಇಳಿದರೂ ತಾನೇ ಕರೆಂಟ್ ಕಡಿಯುವಂಥ ಸರ್ಜ್ ಪ್ರೊಟೆಕ್ಟರ್ ತರಿಸು ಎಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು.

ನಾನು ಚೀಟಿ ಸರಿಯಾಗಿ ಓದಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದ ಸ್ಪೈಕ್ ಬಸ್ಟರಿನ ಅಣ್ಣನೇ ಇದು ಅಂದುಕೊಂಡು, ಬಸ್ಸಿನಲ್ಲಿ ಕೂತು, ಫೋನಿನಲ್ಲಿ ಹೆಚ್ಚು ನಕ್ಷತ್ರ ಇದ್ದದ್ದನ್ನು ಒತ್ತಿ ತರಿಸಿಬಿಟ್ಟೆ.

ಹೊರಡುವ ಮುನ್ನಾದಿನ ಪೆಟ್ಟಿಗೆ ಬಂತು. ಕಾಕಾ ಕನ್ನಡಕ ಏರಿಸಿ, ಅದರ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಬೆರಳಿಟ್ಟು ಓದಿದರು.

"ತಮ್ಮಾ, ಇದು ಸಿಡ್ಲು ಬಡದ್ರ ಅಷ್ಟ ಕಾಯ್ತದ. ಕಂಬದಾಗ ವೋಲ್ಟೇಜ್ ಹೆಚ್ಚೂಕಡಿಮಿ ಆದ್ರ ಸುಮ್ನ ನೋಡ್ಕೋತ ಕುಂಡರ್ತದ."

ಎರಡು ದಿನದ ಮಟ್ಟಿಗೆ ಏನಾಗುತ್ತದೆ, ಹೋಗಿಬನ್ನಿ ಎಂದೆ. ಅವರು ಒಪ್ಪಲಿಲ್ಲ. ಮುಂದಿನ ವಾರ ಹೋದರಾಯಿತು ಎಂದು ಕಾಕುವೇ ಕಟ್ಟಿದ್ದ ಚೀಲ ಬಿಚ್ಚಿದರು. ನಾನು ಸರಿಯಾದದ್ದನ್ನು ತರಿಸಿದೆ. ಅದು ಬರುವುದರೊಳಗೆ ಕಾಕುವಿಗೆ ನೆಗಡಿಯಾಗಿ, ಜ್ವರವಾಗಿ, ಆಸ್ಪತ್ರೆ ಸೇರಿ ಐದನೆಯ ದಿನ ತೀರಿಕೊಂಡರು. ಸಮುದ್ರ ನೋಡಲಿಲ್ಲ.

ಹೊಸ ಪೆಟ್ಟಿಗೆ ನನ್ನ ಬಾಗಿಲಿಗೆ ಬಂದು ಬಿತ್ತು. ಒಂದು ತಿಂಗಳು ಅದನ್ನು ಗ್ಯಾರೇಜಿನಲ್ಲಿ ಬಚ್ಚಿಟ್ಟೆ. ಕೊನೆಗೆ ಮನಸ್ಸು ಗಟ್ಟಿ ಮಾಡಿ ತೆಗೆದುಕೊಂಡು ಹೋದೆ. ಚೀಟಿ ಓದದೆ ತರಿಸಿದ್ದನ್ನು ಹೇಳುವಾಗ ಅಳು ತಡೆಯಲಾಗಲಿಲ್ಲ. ಕಾಕಾ ಪೆಟ್ಟಿಗೆಯ ಬೆನ್ನನ್ನು ಪೂರ್ತಿ ಓದಿ, ಇದೇ ಬೇಕಾಗಿದ್ದದ್ದು ಎಂದರು.

"ಹೋಗೂದು ಬ್ಯಾಡ ಅಂದಾಂವ ನಾನು. ನೀ ಹೋಗ್ರಿ ಅಂದಿದ್ದಿ. ನೀ ಯಾಕ ಅಳ್ತಿ?"

ನನ್ನ ತಪ್ಪನ್ನು ತಾವೇ ಹೊತ್ತುಕೊಂಡರು. ಮೂರು ವರ್ಷದ ನಂತರ ಅವರೂ ಹೃದಯಾಘಾತದಿಂದ ಹೋದರು. ಅಷ್ಟು ದಿನವೂ ಬೇಲಿಯಾಚೆಯಿಂದ ಊಟಕ್ಕೆ ಕರೆದರೇ ಹೊರತು ಆ ಮಾತೆತ್ತಲಿಲ್ಲ. ಒಂದು ಸಲ ಬಾಯಿ ತುಂಬ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.