ಕಂಬ ಮುಟ್ಟಿ ಹೇಳು

ನಾನು ನಿವೃತ್ತ ನರ್ಸ್. ಶಾಲೆಯ ದಿನಗಳು ಹಾಸ್ಟೆಲ್ಲಿನ ಗಂಟೆಗೆ ಕಳೆದವು, ನೌಕರಿ ಡ್ಯೂಟಿಯ ಪಾಳಿಗೆ. ಹೊತ್ತಿಗೆ ಸರಿಯಾಗಿ ಏಳದವರನ್ನು ಕಂಡರೆ ಇಂದಿಗೂ ಸಿಟ್ಟು ಬರುತ್ತದೆ. ನೌಕರಿ ಮುಗಿದ ಮೇಲೆ ಬೆಳಗು ಖಾಲಿ ಹೋಗಬಾರದೆಂದು ಓಡಲು ಶುರು ಮಾಡಿದೆ. ಜೊತೆಗೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬರುತ್ತಿದ್ದಳು. ಮೈದುನ ತೀರಿಹೋದ ಮೇಲೂ ಆಕೆ ನಮ್ಮ ಮನೆಯ ಹಿಂದಿನ ಕೋಣೆಗಳಲ್ಲೇ ಇದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಬೂಟು ಹಾಕಿ, ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಶಹಾಬಾದಿನ ನಮ್ಮ ಓಣಿ ದಾಟಿದರೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಸಾಲು. ಮಷಿನ್ನುಗಳು ಶುರುವಾಗುವ ಮೊದಲು ಅಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ. ನಮ್ಮ ಓಟವೆಂದರೆ ನಡಿಗೆಗಿಂತ ಒಂದಿಷ್ಟು ಜೋರು, ಅಷ್ಟೆ. ಓಡುತ್ತಲೇ ಆಕೆ ಮಾತಾಡುತ್ತಿದ್ದಳು, ನಾನು ಹೂಂಗುಡುತ್ತಿದ್ದೆ. ಮನೆಯಲ್ಲಿ ನನ್ನ ಮಗ, ಸೊಸೆ, ಮೊಮ್ಮಕ್ಕಳು. ಯಾರದಾದರೂ ಕಿವಿ ಇದ್ದೇ ಇರುತ್ತದೆ. ಮನಸ್ಸು ಬಿಚ್ಚಿ ಮಾತಾಡಲು ಆಕೆಗಿದ್ದದ್ದು ಈ ರಸ್ತೆ ಒಂದೇ. ಅದು ನನಗೆ ಗೊತ್ತಿತ್ತು.

ಕಲಬುರಗಿಯಲ್ಲಿ ಹಿರಿಯರಿಗೊಂದು ಓಟ ಇಟ್ಟಿದ್ದರು. ಅದಕ್ಕೆ ಹೆಸರು ಕೊಟ್ಟೆ. ದಿನಾ ಒಂದೇ ಗತಿಯಲ್ಲಿ ಓಡಿದರೆ ಕಾಲು ಅದಕ್ಕೇ ಒಗ್ಗಿಹೋಗುತ್ತದೆ, ವಾರದಲ್ಲಿ ಎರಡು ದಿನ ಮಾತ್ರ ಜೋರಾಗಿ ಓಡಿ, ಉಳಿದ ದಿನ ನಿಧಾನವಾಗಿಯೇ ಓಡಿ ಎಂದು ಫೋನಿನ ವಿಡಿಯೋದಲ್ಲಿ ತರಬೇತುದಾರನೊಬ್ಬ ಹೇಳಿದ. ಜೋರಿನ ದಿನ ಒಂದು ಲೈಟಿನ ಕಂಬದಿಂದ ಮುಂದಿನ ಕಂಬದವರೆಗೆ ಓಟ, ಅಲ್ಲಿಂದ ಮತ್ತೊಂದರವರೆಗೆ ನಡಿಗೆ. ಇವತ್ತೊಂದು ನಾಳೆಯೊಂದು ಎಂಬುದು ನನಗೆ ಹಿಡಿಸುವುದಿಲ್ಲ. ದಿನಾ ಜೋರಾಗಿಯೇ ಓಡಿದೆ. ಅವನ ಮಾತು ಕೇಳಿದ್ದರೆ ನೆಗೆಣ್ಣಿಗೆ ಮಾತಾಡಲು ನಿಧಾನದ ದಿನಗಳಾದರೂ ಉಳಿಯುತ್ತಿದ್ದವು.

ಚಹಾ ಅಂಗಡಿಯ ಹುಡುಗಾಟದ ಮನುಷ್ಯ ಒಲೆ ಹೊತ್ತಿಸುತ್ತ ಕೂಗುತ್ತಿದ್ದ: "ಸಿಸ್ಟರ್, ಯಾವ ಗಾಡಿ ತಪ್ಪಾಕತ್ತದ್ರಿ?"

"ಗಾಡಿ ಮುಂದ ಓಡಾಕತ್ತದ ನೋಡೋ ತಮ್ಮಾ, ನಾ ಬರೇ ಡಬ್ಬಿ!" ಎಂದು ನೆಗೆಣ್ಣಿ ಹಿಂದಿನಿಂದ ಏದುಸಿರು ಬಿಡುತ್ತಲೇ ಉತ್ತರ ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಆಕೆ, "ಅಕ್ಕಾ, ಒಂದ್ ಮಾತ್ ಹೇಳೂದದ" ಎಂದಳು.

"ಕಂಬ ಮುಟ್ಟಿ ಹೇಳು."

ಕಂಬ ಮುಟ್ಟಿದಾಗ ಆಕೆಗೆ ಉಸಿರೇ ಇರಲಿಲ್ಲ. ಉಸಿರು ಬರುವಷ್ಟರಲ್ಲಿ ನನ್ನ ಮುಂದಿನ ಓಟ ಶುರುವಾಗಿತ್ತು. "ಸೇಡಂದಾಗ ನನ್ನ ಮಗಳು..." ಎಂದು ಇನ್ನೊಂದು ದಿನ ಆರಂಭಿಸಿದಳು. "ಮೊದ್ಲ ಕಂಬ ಮುಟ್ಟು" ಎಂದೆ. ಹೀಗೆ ಎಷ್ಟು ಸಲ ಆಯಿತೋ. ಆಮೇಲೆ ಮೊಣಕಾಲು ನೋವೆಂದು ಬರುವುದನ್ನೇ ಬಿಟ್ಟಳು. ನರ್ಸ್ ಆದ ನಾನು ಆ ಮೊಣಕಾಲನ್ನು ಮುಟ್ಟಿಯೂ ನೋಡಲಿಲ್ಲ. ಒಬ್ಬಳೇ ಆದರೆ ಇನ್ನೂ ಜೋರಾಗಿ ಓಡಬಹುದೆಂದು ಒಳಗೊಳಗೇ ಖುಷಿಪಟ್ಟೆ.

ಒಂದು ರವಿವಾರ ಆಕೆಯ ಅಳಿಯ ಸೇಡಂನಿಂದ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಮಗಳಿಗೆ ನೌಕರಿ ಸಿಕ್ಕಿತ್ತು, ಕೂಸನ್ನು ನೋಡಿಕೊಳ್ಳಲು ತಾಯಿ ಬೇಕಾಗಿದ್ದಳು. ಆಕೆ ಅಲ್ಲಿಯೇ ಇರಲು ಹೊರಟಿದ್ದಳು. ನಾನು ಬೆರಗಾಗಿ ನಿಂತದ್ದು ಕಂಡು ನನ್ನ ಮಗ, "ನಿನಗ ಗೊತ್ತಿಲ್ಲೇನವ್ವಾ? ದಿನಾ ಸಂಗಾಟ ಓಡ್ತಿದ್ರಲ್ಲ!" ಎಂದ.

ಹಿಂದಿನ ಕೋಣೆಗೆ ಹೋದೆ. ಆಕೆ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

"ನನಗ್ಯಾಕ ಹೇಳ್ಲಿಲ್ಲ?"

"ಹೇಳಾಕ ಬಂದಿದ್ದೆ ಅಕ್ಕಾ. ನಿಮ್ ಕಂಬ ಮುಗೀಲಿಲ್ಲ."

ನಗುತ್ತಲೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಕಲಬುರಗಿಯ ಓಟವನ್ನು ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಸಿದೆ. ಪದಕವೂ ಕೊಟ್ಟರು, ಓಡಿದವರಿಗೆಲ್ಲ ಕೊಡುವಂಥದ್ದು. ಅದನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟೆ.

ಮುಂದಿನ ವಾರ ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂಗೆ ಹೋದೆ. ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಕೂಸು ಏಳುವ ಮೊದಲು ಇಬ್ಬರೂ ರಸ್ತೆಗೆ ಬಂದೆವು. ಬೂಟು ಹಾಕಿದ್ದೆ, ಆದರೆ ಓಡಲಿಲ್ಲ.

"ಅವತ್ತು ಏನ್ ಹೇಳೂದಿತ್ತು, ಈಗ ಹೇಳು."

"ಹೋಗ್ಲೋ ಬ್ಯಾಡೋ ಅಂತ ಕೇಳೂದಿತ್ರಿ. ನೀವು ಬ್ಯಾಡ ಅಂದಿದ್ರ ಅಲ್ಲೇ ಇರ್ತಿದ್ದೆ. ಮಗಳು ಬ್ಯಾರೆ ಯಾರನ್ನರ ನೋಡ್ಕೋತಿದ್ಳು."

"ಬ್ಯಾಡ. ಈಗರ ಬಾ."

"ಈಗ ಕೂಸು ನನ್ನ ಬಿಟ್ಟು ಮಲಗಂಗಿಲ್ರಿ ಅಕ್ಕಾ."

ಮುಂದೆ ಲೈಟಿನ ಕಂಬ ಬಂತು. ಆಕೆ ಅದನ್ನು ನೋಡಿದಳು, ನನ್ನ ಬೂಟು ನೋಡಿದಳು. "ಓಡ್ತೀರೇನು?" ಎಂದು ಕೇಳಿ, ನನ್ನ ಮುಖ ನೋಡಿ, ಭಾಳ ನಕ್ಕಳು. ನನಗೆ ನಗಲಾಗಲಿಲ್ಲ. ಆಮೇಲೆ ಕೂಸಿಗೆ ಮೂಡಿದ ಹೊಸ ಹಲ್ಲಿನ ಸುದ್ದಿ ತೆಗೆದಳು. ಆಕೆಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಾನು ಹೂಂಗುಟ್ಟಿದೆ. ನನ್ನ ಗಾಡಿಗೆ ಇನ್ನೂ ಹೊತ್ತಿತ್ತು.