ಟೀಚರ್ ತಪ್ಪೊಪ್ಪಿಕೊಂಡ ಸಭೆ

ಯೀಸ್ಟ್ ಹಾಕಿ ಮುಚ್ಚಿಟ್ಟಿದ್ದ ಅಪ್ಪಂ ಹಿಟ್ಟಿನ ಮುಚ್ಚಳವನ್ನು ಇವತ್ತು ಬೆಳಿಗ್ಗೆ ತೆಗೆದೆ. ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಕೊಚ್ಚಿಯ ಅಡುಗೆಮನೆಯಲ್ಲಿ ನಿಂತವಳಿಗೆ ತಿರುವನಂತಪುರದ ಆ ಲ್ಯಾಬು, ಅಲ್ಲಿದ್ದ ನನ್ನ ಟೀಚರ್... ಎಲ್ಲ ನೆನಪಾಯಿತು. ಜೊತೆಗೆ ನಾಚಿಕೆಯೂ ಬಂತು.

ಟೀಚರ್ ನನ್ನ ಪಿಎಚ್‌ಡಿ ಗೈಡ್. ಅವರು ಕಾಸರಗೋಡಿನವರು, ನಾನು ಮೈಸೂರಿನವಳು. ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಯೀಸ್ಟ್ ಅಂದರೆ ಒಂದೇ ಜೀವಕೋಶದ ಪುಟ್ಟ ಜೀವಿ. ಅದರ ಕೋಶಕೇಂದ್ರದಲ್ಲಿ ಕೆಟ್ಟುಹೋದ ಪ್ರೋಟೀನು ಅಲ್ಲೇ, ಒಳಗೇ ಚೂರುಚೂರಾಗುತ್ತದೆ ಎಂಬುದು ಟೀಚರ್ ವರ್ಷಗಟ್ಟಲೆ ದುಡಿದು ಹೇಳಿದ್ದ ಮಾತು. ಅದನ್ನೇ ಇನ್ನೊಮ್ಮೆ ಮಾಡಿ ನೋಡು ಎಂದು ನನಗೆ ಕೊಟ್ಟರು. ಮಾಡಿದೆ. ಕೇಂದ್ರದಿಂದ ಹೊರಹೋಗುವ ದಾರಿ ಮುಚ್ಚಿದರೆ ಪ್ರೋಟೀನು ಒಳಗೆ ಆರಾಮಾಗಿ ಕೂತೇ ಇತ್ತು! ಅಂದರೆ ಅದು ಚೂರಾಗುತ್ತಿದ್ದುದು ಹೊರಗೆ. ಎಷ್ಟು ಸಲ ಮಾಡಿದರೂ ಅದೇ.

ತೋರಿಸಲು ಹೋದವಳು ಎರಡು ಸಲ ಟೀಚರ್ ಬಾಗಿಲಿಂದಲೇ ವಾಪಸು ಬಂದು, ಮೂರನೇ ಸಲ ಒಳಗೆ ಹೋದೆ. ಟೀಚರ್ ಕನ್ನಡಕ ಏರಿಸಿಕೊಂಡು ನೋಡಿದರು.

"ಎಂತ ಮಾರಾಯ್ತಿ, ಇದನ್ನು ಹೇಳ್ಲಿಕ್ಕೆ ಇಷ್ಟು ಹೆದರುದಾ? ನಂದು ತಪ್ಪಾದ್ರೆ ತಪ್ಪು."

ಆ ವರ್ಷವೇ ಅವರ ನಿವೃತ್ತಿ. ಬೀಳ್ಕೊಡುಗೆಯ ಸಭೆಯಲ್ಲಿ, ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿರುವಾಗಲೇ ಎದ್ದು ನಿಂತು, ಇಷ್ಟು ವರ್ಷ ತಾವು ಹೇಳಿದ್ದು ಸರಿಯಲ್ಲ, ಈ ಹುಡುಗಿ ಹೇಳುವುದೇ ಸರಿ ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ನನಗೆ! ಅಯ್ಯೋ, ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅದೇ ಕೆಲಸದ ಬಲದಿಂದ ನನಗೆ ಕೊಚ್ಚಿಯಲ್ಲಿ ಉದ್ಯೋಗ ಸಿಕ್ಕಿತು. ಟೀಚರ್ ಮತ್ತೆ ಲ್ಯಾಬಿನ ಕಡೆ ಬರಲೇ ಇಲ್ಲ... ಹೋದ ವರ್ಷ ತೀರಿಕೊಂಡರು.

ಹೋದ ತಿಂಗಳು ಇಲ್ಲಿ ನಮ್ಮ ಲ್ಯಾಬಿನ ಎಸಿ ಕೆಟ್ಟು, ನನ್ನ ವಿದ್ಯಾರ್ಥಿನಿಯ ಯೀಸ್ಟು ಸೆಕೆಯಲ್ಲೇ ಬೆಳೆಯಿತು. ಹೊರದಾರಿ ಮುಚ್ಚಿದ್ದರೂ ಪ್ರೋಟೀನು ಕೇಂದ್ರದೊಳಗೇ ಚೂರಾಗಿತ್ತು. ಟೀಚರ್ ಪ್ರಯೋಗ ಮಾಡಿದ ಕಾಲದಲ್ಲಿ ತಿರುವನಂತಪುರದ ಲ್ಯಾಬಿಗೆ ಎಸಿಯೇ ಇರಲಿಲ್ಲ, ನಾನು ಸೇರುವ ಹೊತ್ತಿಗೆ ಬಂದಿತ್ತು! ಬೇಕೆಂದೇ ಬಿಸಿಯಲ್ಲಿಟ್ಟು ಮತ್ತೆ ಮತ್ತೆ ಮಾಡಿಸಿದೆ. ಅದೇ ಫಲಿತಾಂಶ. ತಂಪಿನಲ್ಲಿ ನನ್ನದು ಸರಿ, ಸೆಕೆಯಲ್ಲಿ ಅವರದು ಸರಿ. ಸೆಕೆಯ ಯೋಚನೆ ಅವರಿಗೂ ಬಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಥೂ, ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು ನನಗೆ!

"ಇದನ್ನು ಮೊದಲು ಹೇಳಿದ್ದು ಯಾರು ಮ್ಯಾಮ್?" ಎಂದು ವಿದ್ಯಾರ್ಥಿನಿ ಕೇಳಿದಳು. ಟೀಚರ್ ಹೆಸರು ಹೇಳಿದೆ.

"ಆದ್ರೆ ತಪ್ಪು ಅಂತ ಅವರೇ ಒಪ್ಪಿಕೊಂಡಿದ್ದರಲ್ಲಾ?"

ಹೌದು, ಒಪ್ಪಿಕೊಂಡಿದ್ದರು. ನನ್ನನ್ನು ನಂಬಿ ಒಪ್ಪಿಕೊಂಡಿದ್ದರು. ನಿಮ್ಮದೂ ಸರಿ ಇತ್ತು ಟೀಚರ್ ಎನ್ನೋಣವೆಂದರೆ ಈಗ ಅವರಿಲ್ಲ.